ವಿದ್ಯುತ್ಕಾಂತ ಕ್ಷೇತ್ರದಿಂದ ನೋದನ: ಸಾಧ್ಯತೆ ಮತ್ತು ಎಲ್ಲೆ

ವಾಹನವೊಂದನ್ನು ಇದ್ದೆಡೆಯಿಂದ ಮುಂದಕ್ಕೆ ನೂಕುವ ಕ್ರಿಯೆಗೆ ನೋದನವೆಂದು ಹೆಸರು. ಎತ್ತಿನ ಗಾಡಿ, ಹಡಗು, ವಿಮಾನ, ರಾಕೆಟ್ ಇವೆಲ್ಲವೂ ನೋದನದ ಬೇರೆ ಬೇರೆ ಬಗೆಗಳನ್ನು ಅವಲಂಬಿಸಿವೆ. ಇವುಗಳಲ್ಲಿ ಬಹುಪಾಲು ಯಂತ್ರಗಳು ಇಂಧನವನ್ನು ಸುಟ್ಟು, ಆ ಬಿಸಿಯಿಂದ ಚಲನೆಯನ್ನು ಪಡೆಯುತ್ತವೆ. ಸುಡುವುದರ ಬದಲು ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ಬಲದಿಂದಲೇ ವಾಹನವನ್ನು ನೂಕಬಹುದೇ ಎಂಬ ಪ್ರಶ್ನೆ ಒಂದು ಶತಮಾನಕ್ಕೂ ಹಳೆಯದು. ಇದಕ್ಕೆ ದೊರೆತ ಉತ್ತರಗಳಲ್ಲಿ ಕೆಲವು ಇಂದು ಸೌರವ್ಯೂಹದಲ್ಲಿ ದುಡಿಯುತ್ತಿವೆ. ಕೆಲವು ಪ್ರಯೋಗಾಲಯದಲ್ಲಿಯೇ ಸುಳ್ಳಾಗಿವೆ. ಎರಡನ್ನೂ ಬೇರ್ಪಡಿಸುವ ಗೆರೆ ಎಲ್ಲಿದೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಈ ಹುಡುಕಾಟಕ್ಕೆ ಬಲವಾದ ಕಾರಣವಿದೆ. ಅಂತರಿಕ್ಷದಲ್ಲಿ ಚಕ್ರಕ್ಕೆ ನೆಲವಿಲ್ಲ, ಹುಟ್ಟಿಗೆ ನೀರಿಲ್ಲ, ರೆಕ್ಕೆಗೆ ಗಾಳಿಯಿಲ್ಲ. ಆದ್ದರಿಂದ ರಾಕೆಟ್ ತಾನು ತಳ್ಳಬೇಕಾದ ವಸ್ತುವನ್ನು ತಾನೇ ಹೊತ್ತೊಯ್ಯಬೇಕು. ಹೊತ್ತದ್ದನ್ನು ಹಿಂದಕ್ಕೆ ಎಸೆದು ಮುಂದೆ ಸಾಗಬೇಕು. ಅಪೊಲೊ ಯಾತ್ರೆಗಳ ಸ್ಯಾಟರ್ನ್ 5 ರಾಕೆಟ್ ನೆಲದ ಮೇಲೆ ಸುಮಾರು 2,900 ಟನ್ ತೂಗುತ್ತಿತ್ತು. ಅದರಲ್ಲಿ ಚಂದ್ರನ ದಾರಿ ಹಿಡಿದ ನೌಕೆಯ ತೂಕ ಸುಮಾರು 45 ಟನ್. ಉಳಿದದ್ದರಲ್ಲಿ ಬಹುಪಾಲು ಉರಿದು ಹೋಗುವ ಇಂಧನ. ಈ ಹೊರೆಯನ್ನು ಇಳಿಸಬಲ್ಲ ಉಪಾಯ ದೊರೆತರೆ ದೂರದ ಗ್ರಹಗಳು ಹತ್ತಿರವಾಗುತ್ತವೆ. ಏನನ್ನೂ ಎಸೆಯದೆಯೇ ಚಲಿಸುವ ಉಪಾಯ ದೊರೆತರಂತೂ ನಕ್ಷತ್ರಗಳ ದಾರಿಯೇ ತೆರೆದಂತೆ. ಆಸೆ ದೊಡ್ಡದು, ಆದ್ದರಿಂದಲೇ ಇಲ್ಲಿ ಎಚ್ಚರವೂ ದೊಡ್ಡದಿರಬೇಕು.

ಹರಿಗೋಲಿನ ಪಾಠ

ವಸ್ತುವಿನ ದ್ರವ್ಯರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ದೊರೆಯುವ ಪರಿಮಾಣಕ್ಕೆ ಸಂವೇಗವೆಂದು ಹೆಸರು. ಹೊರಗಿನ ಬಲವಿಲ್ಲದ ಯಾವುದೇ ವ್ಯವಸ್ಥೆಯ ಒಟ್ಟು ಸಂವೇಗ ಬದಲಾಗದು. ಇದು ಸಂವೇಗ ಸಂರಕ್ಷಣೆಯ ನಿಯಮ. ಒಂದು ಭಾಗಕ್ಕೆ ಮುಂದಿನ ಸಂವೇಗ ದೊರೆಯಬೇಕಾದರೆ ಇನ್ನೊಂದು ಭಾಗ ಅಷ್ಟೇ ಸಂವೇಗವನ್ನು ಹಿಂದಕ್ಕೆ ಒಯ್ಯಬೇಕು. ಜಮೆ ಇದ್ದಲ್ಲಿ ಖರ್ಚು ಇರಲೇಬೇಕು.

ತುಂಗಭದ್ರೆಯ ಹರಿಗೋಲಿನಲ್ಲಿ ಕುಳಿತವನು ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳಿದರೆ ಹರಿಗೋಲು ಮುಂದೆ ಹೋಗುತ್ತದೆ. ನೀರು ಆಳವಿಲ್ಲದಲ್ಲಿ ಗಳುವನ್ನು ತಳಕ್ಕೆ ಊರಿ ನೂಕಿದರೂ ಹೋಗುತ್ತದೆ. ಒಳಗೆ ತುಂಬಿಕೊಂಡ ಕಲ್ಲುಗಳನ್ನು ಒಂದೊಂದಾಗಿ ಹಿಂದಕ್ಕೆ ಎಸೆದರೂ ಹೋಗುತ್ತದೆ. ಆದರೆ ಒಳಗೆ ಕುಳಿತು ಅದರ ಅಂಚನ್ನೇ ಎಷ್ಟು ಬಲವಾಗಿ ಒತ್ತಿದರೂ ಹರಿಗೋಲು ಮುಂದೆ ಸಾಗದು. ಕೈ ಅಂಚನ್ನು ಮುಂದಕ್ಕೆ ಒತ್ತುವಾಗ ಕಾಲು ತಳವನ್ನು ಅಷ್ಟೇ ಬಲದಿಂದ ಹಿಂದಕ್ಕೆ ಒತ್ತುತ್ತಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಒಳಗೆ ಕುಳಿತವನು ಮೈಯನ್ನು ಒಮ್ಮೆ ಜಗ್ಗನೆ, ಒಮ್ಮೆ ಮೆಲ್ಲಗೆ ಅಲುಗಿಸುತ್ತಿದ್ದರೆ ಹರಿಗೋಲು ತುಸು ತುಸುವಾಗಿ ಸರಿಯುವುದುಂಟು. ನಿಯಮ ಮುರಿಯಿತೆಂದು ನೋಡುವವರಿಗೆ ಅನ್ನಿಸಬಹುದು. ನಿಜಕ್ಕೂ ಅಲ್ಲಿ ಕೆಲಸ ಮಾಡಿದ್ದು ನೀರಿನ ತಡೆ. ವೇಗದ ಅಲುಗಾಟಕ್ಕೆ ಒಂದು ಬಗೆಯಾಗಿಯೂ ನಿಧಾನದ ಅಲುಗಾಟಕ್ಕೆ ಇನ್ನೊಂದು ಬಗೆಯಾಗಿಯೂ ನೀರು ಎದುರು ನಿಂತಿತು, ಸಂವೇಗವನ್ನು ತಾನು ಪಡೆಯಿತು. ಹೊರಗಿನ ಪಾಲುದಾರನು ಕಣ್ಣಿಗೆ ಕಾಣದೆ ಇರಬಹುದು ಎಂಬ ಈ ಪಾಠ ಮುಂದೆ ಉಪಯೋಗಕ್ಕೆ ಬರುತ್ತದೆ.

ಕ್ಷೇತ್ರಕ್ಕೂ ಸಂವೇಗವುಂಟು

ವಿದ್ಯುತ್ಕಾಂತ ಕ್ಷೇತ್ರಗಳು ಈ ನಿಯಮಕ್ಕೆ ಒಳಪಟ್ಟಿವೆಯೇ ಎಂಬ ಸಂದೇಹ ಮೂಡುವುದು ಸಹಜ. ಚಲಿಸುತ್ತಿರುವ ಎರಡು ವಿದ್ಯುದಾವೇಶಗಳು ಒಂದರ ಮೇಲೊಂದು ಬೀರುವ ಬಲಗಳು ಎಲ್ಲ ಸಂದರ್ಭಗಳಲ್ಲಿಯೂ ಸಮ ಮತ್ತು ವಿರುದ್ಧವಾಗಿರುವುದಿಲ್ಲ. ಆವೇಶಗಳನ್ನು ಮಾತ್ರ ಎಣಿಸಿದರೆ ಲೆಕ್ಕ ತಾಳೆಯಾಗದು. ಕ್ಷೇತ್ರವನ್ನೂ ಒಬ್ಬ ಪಾಲುದಾರನೆಂದು ಎಣಿಸಿದಾಗ ಮಾತ್ರ ಜಮಾಖರ್ಚು ಸರಿಹೋಗುತ್ತದೆ. ಕ್ಷೇತ್ರವು ಶಕ್ತಿಯನ್ನು ಒಯ್ಯುವಂತೆಯೇ ಸಂವೇಗವನ್ನೂ ಒಯ್ಯುತ್ತದೆ.

ಬೆಳಕು ವಿದ್ಯುತ್ಕಾಂತ ತರಂಗವೆಂದು ತೋರಿಸಿಕೊಟ್ಟ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್, ಬೆಳಕು ತಾನು ಬಿದ್ದ ವಸ್ತುವನ್ನು ಒತ್ತಬೇಕೆಂದು 1873ರ ತನ್ನ ಗ್ರಂಥದಲ್ಲಿ ಹೇಳಿದನು. ಮಾಸ್ಕೋದ ಪ್ಯೋತರ್ ಲೆಬೆಡೆವ್ 1900ರ ಹೊತ್ತಿಗೆ ಈ ಒತ್ತಡವನ್ನು ಪ್ರಯೋಗದಿಂದ ತೋರಿಸಿದನು. ಒತ್ತಡ ಅತ್ಯಲ್ಪ. ಭೂಮಿಯ ದೂರದಲ್ಲಿ ಸೂರ್ಯನ ಬೆಳಕು ಒಂದು ಚದರ ಮೀಟರ್ ಕನ್ನಡಿಯ ಮೇಲೆ ಬೀರುವ ಬಲ ಒಂದು ನ್ಯೂಟನ್ನಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ಒಂಬತ್ತು ಭಾಗ ಮಾತ್ರ.

ಇದರಿಂದ ಒಂದು ಮುಖ್ಯ ಸಂಗತಿ ಸಿದ್ಧವಾಗುತ್ತದೆ. ಏನನ್ನೂ ಹೊತ್ತೊಯ್ಯದೆ, ಬರಿಯ ಕ್ಷೇತ್ರವನ್ನೇ ಹಿಂದಕ್ಕೆ ಎಸೆದು ಮುಂದೆ ಸಾಗುವುದು ತಾತ್ತ್ವಿಕವಾಗಿ ಸಾಧ್ಯ. ಹಿಂಬದಿಗೆ ದೀಪ ಬೆಳಗಿದ ನೌಕೆಯೂ ಒಂದು ರಾಕೆಟ್ಟೇ. ಅದರ ನೂಕುಬಲವನ್ನು ಪಡೆಯಲು ಹೊರಸೂಸುವ ಸಾಮರ್ಥ್ಯವನ್ನು ಬೆಳಕಿನ ವೇಗದಿಂದ ಭಾಗಿಸಿದರಾಯಿತು. ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೊಮೀಟರ್ ಆದುದರಿಂದ, ಅಂಗೈಯಲ್ಲಿ ನೂರು ಗ್ರಾಂ ತೂಕವನ್ನು ಹಿಡಿದಿಡಲು ಬೇಕಾಗುವ ಒಂದು ನ್ಯೂಟನ್ ಬಲಕ್ಕೆ ಸುಮಾರು 300 ಮೆಗಾವ್ಯಾಟ್ ಬೇಕು. ಒಂದು ದೊಡ್ಡ ವಿದ್ಯುತ್ ಸ್ಥಾವರವನ್ನೇ ನೌಕೆಯಲ್ಲಿ ಹೊತ್ತರೂ ದೊರೆಯುವುದು ಇಷ್ಟೇ. ಸಾಧ್ಯವೆಂಬುದು ನಿಜ, ದುಬಾರಿಯೆಂಬುದೂ ಅಷ್ಟೇ ನಿಜ.

ಪಯೊನಿಯರ್ ನೌಕೆಗಳ ಒಗಟು

ಈ ಅಲ್ಪ ಬಲ ಕೇವಲ ಪುಸ್ತಕದ ಮಾತಲ್ಲ. ನಾಸಾ 1972 ಮತ್ತು 1973ರಲ್ಲಿ ಹಾರಿಸಿದ ಪಯೊನಿಯರ್ 10 ಮತ್ತು 11 ನೌಕೆಗಳು ಸೌರವ್ಯೂಹದ ಹೊರಅಂಚಿನತ್ತ ಸಾಗುವಾಗ ಲೆಕ್ಕಕ್ಕೆ ಸಿಗದಷ್ಟು ಸೂಕ್ಷ್ಮವಾಗಿ ನಿಧಾನಗೊಳ್ಳುತ್ತಿರುವುದು ಕಂಡುಬಂದಿತು. ಗುರುತ್ವ ನಿಯಮವನ್ನೇ ತಿದ್ದಬೇಕೆಂದು ಕೆಲವರು ವಾದಿಸಿದರು. ಹಳೆಯ ದತ್ತಾಂಶಗಳನ್ನು ತಾಳ್ಮೆಯಿಂದ ಕಲೆಹಾಕಿ, ನೌಕೆಯ ಉಷ್ಣ ಸ್ವರೂಪವನ್ನು ಗಣಿಸಿದ ತಂಡ 2012ರಲ್ಲಿ ಉತ್ತರ ನೀಡಿತು. ನೌಕೆಯೊಳಗಿನ ಪರಮಾಣು ವಿದ್ಯುತ್ ಮೂಲದ ಮತ್ತು ಉಪಕರಣಗಳ ಬಿಸಿ ಎಲ್ಲ ದಿಕ್ಕುಗಳಿಗೂ ಸಮನಾಗಿ ಹೊರಡುತ್ತಿರಲಿಲ್ಲ. ಪ್ರಯಾಣದ ದಿಕ್ಕಿಗೆ ತುಸು ಹೆಚ್ಚು ಹೊರಡುತ್ತಿತ್ತು. ಬಿಸಿಯೂ ವಿದ್ಯುತ್ಕಾಂತ ವಿಕಿರಣವೇ ಆದುದರಿಂದ ನೌಕೆ ಹಿಂದಕ್ಕೆ ತಳ್ಳಲ್ಪಡುತ್ತಿತ್ತು. ಒಗಟನ್ನು ಬಿಡಿಸಲು ಬೇಕಾದ ಅಸಮತೆ ಸುಮಾರು 65 ವ್ಯಾಟ್, ಅಂದರೆ ಹಳೆಯ ಕಾಲದ ಒಂದು ವಿದ್ಯುದ್ದೀಪದಷ್ಟು. ಯಾರೂ ಬಯಸದೆ, ಯಾರೂ ಯೋಜಿಸದೆ ಎರಡು ನೌಕೆಗಳು ಬೆಳಕಿನ ರಾಕೆಟ್ಟುಗಳಾಗಿದ್ದವು.

ಹೊರಗಿನದನ್ನು ತಳ್ಳುವ ಯಂತ್ರಗಳು

ಬೆಳಕನ್ನೇ ಎಸೆಯುವುದು ದುಬಾರಿಯಾದರೆ, ಹೊರಗಿರುವ ಯಾವುದಾದರೂ ವಸ್ತುವನ್ನು ಕ್ಷೇತ್ರದ ಮೂಲಕ ತಳ್ಳುವುದು ಅಗ್ಗದ ದಾರಿ. ಹರಿಗೋಲಿನ ಹೋಲಿಕೆಯಲ್ಲಿ ಇದು ಗಳುವನ್ನು ತಳಕ್ಕೆ ಊರುವ ಬಗೆ. ಜಪಾನಿನ ಕಾಂತೀಯ ತೇಲುರೈಲು 2015ರ ಏಪ್ರಿಲ್ 21ರಂದು ಗಂಟೆಗೆ 603 ಕಿಲೊಮೀಟರ್ ವೇಗ ಮುಟ್ಟಿತು. ಅದು ಹಳಿಯನ್ನು ಮುಟ್ಟದಿದ್ದರೂ ಹಳಿದಾರಿಯಲ್ಲಿ ಅಳವಡಿಸಿದ ಸುರುಳಿಗಳನ್ನು ಕಾಂತ ಕ್ಷೇತ್ರದ ಮೂಲಕ ಹಿಂದಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಕೊನೆಗೆ ಹೊರುವುದು ಭೂಮಿ.

ಜಪಾನಿನದೇ ಯಮಾಟೊ-1 ಎಂಬ ದೋಣಿಗೆ ತಿರುಗುವ ಪಂಖವೇ ಇರಲಿಲ್ಲ. 1992ರಲ್ಲಿ ಕೋಬೆ ಬಂದರಿನಲ್ಲಿ ಚಲಿಸಿದ ಈ ದೋಣಿ, ಉಪ್ಪುನೀರಿನ ಮೂಲಕ ವಿದ್ಯುತ್ತನ್ನು ಹರಿಸಿ, ಅತಿವಾಹಕ ಕಾಂತಗಳ ಕ್ಷೇತ್ರದಿಂದ ಆ ನೀರನ್ನೇ ಹಿಂದಕ್ಕೆ ನೂಕುತ್ತಿತ್ತು. ತತ್ತ್ವ ಸರಿಯಾಗಿತ್ತು. ಆದರೆ ಸಮುದ್ರದ ನೀರು ಒಳ್ಳೆಯ ವಾಹಕವಲ್ಲ. ಬಹುಪಾಲು ಶಕ್ತಿ ನೀರನ್ನು ಬಿಸಿಮಾಡುವುದರಲ್ಲಿಯೇ ವ್ಯಯವಾಗುತ್ತಿತ್ತು. ದೋಣಿಯ ವೇಗ ಗಂಟೆಗೆ ಸುಮಾರು 15 ಕಿಲೊಮೀಟರ್ ಮೀರಲಿಲ್ಲ.

ಅಂತರಿಕ್ಷದಲ್ಲಿಯೂ ಊರಲು ತಳ ಪೂರ್ತಿ ಇಲ್ಲವೆಂದಲ್ಲ. ಭೂಮಿಯ ಸುತ್ತ ಕಾಂತ ಕ್ಷೇತ್ರವಿದೆ. ಕಕ್ಷೆಯಲ್ಲಿ ಉದ್ದನೆಯ ತಂತಿಯನ್ನು ಇಳಿಬಿಟ್ಟು ಅದರಲ್ಲಿ ವಿದ್ಯುತ್ತನ್ನು ಹರಿಸಿದರೆ, ಆ ಕ್ಷೇತ್ರ ತಂತಿಯನ್ನು ನೂಕುತ್ತದೆ. 1996ರ ಫೆಬ್ರುವರಿಯಲ್ಲಿ ಕೊಲಂಬಿಯಾ ನೌಕೆಯಿಂದ ಇಂಥ ತಂತಿಯೊಂದನ್ನು ಸುಮಾರು 20 ಕಿಲೊಮೀಟರಿನಷ್ಟು ಬಿಚ್ಚಲಾಯಿತು. ತುದಿ ತಲುಪುವ ಮುನ್ನವೇ ತಂತಿ ತುಂಡಾಯಿತಾದರೂ, ಅದರಲ್ಲಿ ಸುಮಾರು 3,500 ವೋಲ್ಟ್ ಉತ್ಪತ್ತಿಯಾದುದನ್ನು ಉಪಕರಣಗಳು ದಾಖಲಿಸಿದ್ದವು. ಇಲ್ಲಿಯೂ ಪ್ರತಿಬಲವನ್ನು ಹೊರುವುದು ಭೂಮಿಯೇ.

ಸೂರ್ಯನ ಬೆಳಕನ್ನು ಹಾಯಿಗೆ ಹಿಡಿಯುವುದು ಇನ್ನೊಂದು ದಾರಿ. ದೀಪವನ್ನು ಹೊತ್ತೊಯ್ಯುವ ಬದಲು, ಉರಿಯುತ್ತಿರುವ ಸೂರ್ಯನನ್ನೇ ಬಳಸುವ ಜಾಣತನ ಇಲ್ಲಿದೆ. ಜಪಾನಿನ ಇಕಾರೊಸ್ ನೌಕೆ 2010ರಲ್ಲಿ ಬದಿಯೊಂದಕ್ಕೆ 14 ಮೀಟರಿನಷ್ಟಿದ್ದ ತೆಳುಹಾಳೆಯನ್ನು ಬಿಚ್ಚಿ, ಸೂರ್ಯನ ಬೆಳಕಿನ ನೂಕಿನಿಂದ ಗ್ರಹಾಂತರ ಪ್ರಯಾಣ ಮಾಡಬಹುದೆಂದು ತೋರಿಸಿತು. ದೊರೆತ ಬಲ ಒಂದು ನ್ಯೂಟನ್ನಿನ ಸಾವಿರ ಭಾಗಗಳಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು.

ಹೊತ್ತೊಯ್ದದ್ದನ್ನು ಎಸೆಯುವ ಯಂತ್ರಗಳು

ಮೂರನೆಯ ಬಗೆ ಹರಿಗೋಲಿನಿಂದ ಕಲ್ಲೆಸೆಯುವಂಥದು. ಆದರೆ ಇಲ್ಲಿ ಕಲ್ಲುಗಳು ಬಲು ಸಣ್ಣವು, ಎಸೆತ ಬಲು ವೇಗದ್ದು. ಕ್ಸೆನಾನ್‌ನಂಥ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನನ್ನು ಕಿತ್ತು ಅಯಾನುಗಳನ್ನಾಗಿಸಿ, ವಿದ್ಯುತ್ ಕ್ಷೇತ್ರದಿಂದ ಅವುಗಳನ್ನು ಹಿಂದಕ್ಕೆ ಚಿಮ್ಮಿಸಲಾಗುತ್ತದೆ. ಅತ್ಯುತ್ತಮ ರಾಸಾಯನಿಕ ರಾಕೆಟ್ಟಿನ ಹೊಗೆ ಸೆಕೆಂಡಿಗೆ ಸುಮಾರು ನಾಲ್ಕೂವರೆ ಕಿಲೊಮೀಟರ್ ವೇಗದಲ್ಲಿ ಹೊರಬಂದರೆ, ಅಯಾನುಗಳು ಸುಮಾರು ಮೂವತ್ತು ಕಿಲೊಮೀಟರ್ ವೇಗದಲ್ಲಿ ಹೊರಡುತ್ತವೆ. ಎಸೆತದ ವೇಗ ಹೆಚ್ಚಿದಷ್ಟೂ ಹೊರಬೇಕಾದ ಹೊರೆ ಕಡಿಮೆ.

1964ರ ಜುಲೈ 20ರಂದು ನಾಸಾದ ಸರ್ಟ್-1 ಪ್ರಯೋಗದಲ್ಲಿ ಅಯಾನು ಯಂತ್ರವೊಂದು ಅಂತರಿಕ್ಷದಲ್ಲಿ 31 ನಿಮಿಷ ದುಡಿಯಿತು. ಸೋವಿಯತ್ ಒಕ್ಕೂಟದಲ್ಲಿ ಕಾಂತ ಮತ್ತು ವಿದ್ಯುತ್ ಕ್ಷೇತ್ರಗಳೆರಡನ್ನೂ ಬಳಸುವ ಹಾಲ್ ಯಂತ್ರಗಳು ಬೆಳೆದು, 1970ರ ದಶಕದಿಂದ ಉಪಗ್ರಹಗಳಲ್ಲಿ ಕೆಲಸಕ್ಕೆ ಬಂದವು. 2007ರಲ್ಲಿ ಹೊರಟ ನಾಸಾದ ಡಾನ್ ನೌಕೆ 425 ಕಿಲೊಗ್ರಾಂ ಕ್ಸೆನಾನನ್ನು ಹೊತ್ತು, 2011ರಲ್ಲಿ ವೆಸ್ಟಾವನ್ನೂ 2015ರಲ್ಲಿ ಸಿರಿಸ್ ಅನ್ನೂ ಸುತ್ತತೊಡಗಿತು. ಭೂಮಿಯಾಚೆಯ ಎರಡು ಕಾಯಗಳನ್ನು ಸುತ್ತಿದ ಮೊದಲ ನೌಕೆ ಅದು. ಅದರ ಯಂತ್ರದ ಗರಿಷ್ಠ ನೂಕುಬಲ ಎರಡು ಹಾಳೆ ಕಾಗದದ ಭಾರದಷ್ಟೇ. ನಿಂತಲ್ಲಿಂದ ಗಂಟೆಗೆ ನೂರು ಕಿಲೊಮೀಟರಿನ ಸಮೀಪಕ್ಕೆ ಬರಲು ನಾಲ್ಕು ದಿನ ಬೇಕು. ಆದರೆ ವರ್ಷಗಟ್ಟಲೆ ನಿಲ್ಲದೆ ನೂಕಿದ ಫಲವಾಗಿ ಒಟ್ಟು ವೇಗವ್ಯತ್ಯಾಸ ಸೆಕೆಂಡಿಗೆ 11 ಕಿಲೊಮೀಟರ್ ದಾಟಿತು. ಹನಿಗೂಡಿ ಹಳ್ಳವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಭಾರತವೂ ಈ ದಾರಿಯಲ್ಲಿದೆ. ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡು, ದಕ್ಷಿಣ ಏಷ್ಯಾ ಉಪಗ್ರಹವೆಂದು ಹೆಸರಾದ ಜಿಸ್ಯಾಟ್-9, 2017ರ ಮೇ 5ರಂದು ಹಾರಿತು. ಕ್ಸೆನಾನ್ ಆಧಾರಿತ ವಿದ್ಯುತ್ ನೋದನ ವ್ಯವಸ್ಥೆ ಅದರಲ್ಲಿತ್ತು.

ಗಾಳಿಯನ್ನು ಮರೆತ ವಾದ

ಇದುವರೆಗಿನ ಯಂತ್ರಗಳಲ್ಲಿ ಹಿಂದಕ್ಕೆ ಹೋದದ್ದು ಯಾವುದು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರವಿದೆ: ಭೂಮಿ, ನೀರು, ಬೆಳಕು, ಕ್ಸೆನಾನ್. ಉತ್ತರವಿಲ್ಲದ ಯಂತ್ರಗಳ ಚರಿತ್ರೆಯೂ ಉಂಟು.

ಅಮೆರಿಕದ ಥಾಮಸ್ ಟೌನ್‌ಸೆಂಡ್ ಬ್ರೌನ್ 1920ರ ದಶಕದಲ್ಲಿ, ಹೆಚ್ಚಿನ ವೋಲ್ಟೇಜ್ ನೀಡಿದ ವಿದ್ಯುದ್ವಾರಗಳು ಒಂದು ದಿಕ್ಕಿಗೆ ಸರಿಯುವುದನ್ನು ಕಂಡು, ವಿದ್ಯುತ್ತಿಗೂ ಗುರುತ್ವಕ್ಕೂ ಹೊಸ ನಂಟು ದೊರೆತಿದೆಯೆಂದು ಭಾವಿಸಿದನು. 1928ರಲ್ಲಿ ಬ್ರಿಟನ್ನಿನಲ್ಲಿ ಹಕ್ಕುಪತ್ರವನ್ನೂ ಪಡೆದನು. ನಿಜದಲ್ಲಿ ಆಗುತ್ತಿದ್ದುದು ಸರಳ. ಚೂಪಾದ ವಿದ್ಯುದ್ವಾರದ ಬಳಿ ಗಾಳಿ ಅಯಾನೀಕರಣಗೊಂಡು, ಆ ಅಯಾನುಗಳು ಇನ್ನೊಂದು ವಿದ್ಯುದ್ವಾರದತ್ತ ಓಡುವಾಗ ಸುತ್ತಲ ಗಾಳಿಯನ್ನೂ ಎಳೆದೊಯ್ಯುತ್ತವೆ. ಗಾಳಿ ಹಿಂದಕ್ಕೆ ಬೀಸುತ್ತದೆ, ಸಾಧನ ಮುಂದಕ್ಕೆ ಸಾಗುತ್ತದೆ. ಗಾಳಿ ಇಲ್ಲದಲ್ಲಿ ಈ ನೂಕು ಇಲ್ಲ.

ತಪ್ಪು ವಿವರಣೆಯನ್ನು ಕಳಚಿದ ಮೇಲೆ ಉಳಿದ ಸತ್ಯವೂ ನಿರುಪಯೋಗಿಯಲ್ಲ. 2018ರಲ್ಲಿ ಮೆಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸ್ಟೀವನ್ ಬ್ಯಾರೆಟ್ ತಂಡ ಐದು ಮೀಟರ್ ರೆಕ್ಕೆಯ, 2.45 ಕಿಲೊಗ್ರಾಂ ತೂಕದ ಪುಟ್ಟ ವಿಮಾನವನ್ನು ಇದೇ ಅಯಾನು ಗಾಳಿಯಿಂದ ಹಾರಿಸಿತು. ನೂಕುವುದಕ್ಕೆ ತಿರುಗುವ ಭಾಗ ಯಾವುದೂ ಇಲ್ಲದೆ ಅದು ಒಳಾಂಗಣವೊಂದರಲ್ಲಿ ಸುಮಾರು 60 ಮೀಟರ್ ಹಾರಿತು.

ಮುಚ್ಚಿದ ಪೆಟ್ಟಿಗೆಯ ಕಥೆ

ನಮ್ಮ ಕಾಲದಲ್ಲಿ ಹೆಚ್ಚು ಸದ್ದು ಮಾಡಿದ್ದು ಬ್ರಿಟನ್ನಿನ ಎಂಜಿನಿಯರ್ ರಾಜರ್ ಶಾಯರ್ ಮುಂದಿಟ್ಟ ಎಂಡ್ರೈವ್. 2001ರ ಸುಮಾರಿಗೆ ಆರಂಭವಾದ ಈ ಕಥೆಯ ನಾಯಕ ಒಂದು ತಾಮ್ರದ ಪೆಟ್ಟಿಗೆ. ಒಂದು ತುದಿ ಅಗಲ, ಇನ್ನೊಂದು ಕಿರಿದು, ಎಲ್ಲ ಕಡೆ ಮುಚ್ಚಿದ್ದು. ಒಳಗೆ ಸೂಕ್ಷ್ಮತರಂಗಗಳನ್ನು ತುಂಬಿದರೆ ಅಗಲದ ತುದಿಯ ಮೇಲಿನ ಒತ್ತಡ ಕಿರಿದಾದ ತುದಿಯ ಮೇಲಿನದಕ್ಕಿಂತ ಹೆಚ್ಚಾಗಿ, ವ್ಯತ್ಯಾಸದಷ್ಟು ನೂಕುಬಲ ದೊರೆಯುತ್ತದೆಂಬುದು ವಾದ. ಈ ವಾದ ಓರೆಯಾದ ಪಕ್ಕದ ಗೋಡೆಗಳನ್ನು ಮರೆಯುತ್ತದೆ. ಆ ಗೋಡೆಗಳ ಮೇಲಿನ ಒತ್ತಡಕ್ಕೂ ಉದ್ದನೆಯ ದಿಕ್ಕಿನಲ್ಲಿ ಒಂದು ಪಾಲಿದೆ. ಅದನ್ನು ಕೂಡಿಸಿದರೆ ಮೊತ್ತ ಸೊನ್ನೆ. ಹರಿಗೋಲಿನ ಅಂಚನ್ನು ಒಳಗಿನಿಂದ ಒತ್ತಿದಂತೆಯೇ ಇದು.

ಸಿದ್ಧಾಂತ ಕುಂಟಿದರೂ ಅಳತೆಗಳು ಕುತೂಹಲ ಕೆರಳಿಸಿದವು. ಚೀನಾದ ಷಿಯಾನ್ ನಗರದ ನಾರ್ತ್‌ವೆಸ್ಟರ್ನ್ ಪಾಲಿಟೆಕ್ನಿಕಲ್ ವಿಶ್ವವಿದ್ಯಾಲಯದ ತಂಡವೊಂದು ಗಣನೀಯ ನೂಕುಬಲ ಕಂಡಿತೆಂದು ಪ್ರಕಟಿಸಿತು. 2016ರ ನವೆಂಬರಿನಲ್ಲಿ ನಾಸಾದ ಜಾನ್ಸನ್ ಕೇಂದ್ರದ ಹೆರಾಲ್ಡ್ ವೈಟ್ ಮತ್ತು ಸಂಗಡಿಗರು, ನಿರ್ವಾತದಲ್ಲಿ ಅಳೆದಾಗ ಕಿಲೊವ್ಯಾಟ್ ಒಂದಕ್ಕೆ 1.2 ಮಿಲಿನ್ಯೂಟನ್ ಬಲ ದೊರೆಯಿತೆಂದು ವಿದ್ವತ್ಪತ್ರಿಕೆಯೊಂದರಲ್ಲಿ ಬರೆದರು. ಅವರು ಬಳಸಿದ್ದು 40ರಿಂದ 80 ವ್ಯಾಟ್. ಅಂದರೆ ಅಳೆದ ಬಲ ಹೆಚ್ಚೆಂದರೆ ಮೂರು ಎಳ್ಳುಕಾಳಿನ ಭಾರದಷ್ಟು. ಸುದ್ದಿಪತ್ರಿಕೆಗಳು ಇದನ್ನು ನ್ಯೂಟನ್ನನ ನಿಯಮ ಮುರಿದ ಯಂತ್ರವೆಂದು ಬಣ್ಣಿಸಿದವು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಗಾದೆ. ಮುಂದೆ ನಡೆದದ್ದು ಅದೇ. ಷಿಯಾನ್ ತಂಡ ಹೊರಗಿನಿಂದ ವಿದ್ಯುತ್ ತರುವ ತಂತಿಯ ಬದಲು ಯಂತ್ರದೊಡನೆಯೇ ಬ್ಯಾಟರಿ ಇರಿಸಿ ಮರುಪರೀಕ್ಷೆ ನಡೆಸಿದಾಗ, ಅಳತೆಯ ದೋಷಮಿತಿಯನ್ನು ಮೀರಿದ ನೂಕುಬಲ ಕಾಣಲಿಲ್ಲ. ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಮಾರ್ಟಿನ್ ತಾಜ್ಮರ್ ತಂಡ 2018ರಲ್ಲಿ ಇನ್ನೊಂದು ಉಪಾಯ ಮಾಡಿತು: ಪೆಟ್ಟಿಗೆಯೊಳಗೆ ಹೋಗುವ ಸೂಕ್ಷ್ಮತರಂಗವನ್ನು ಬಹುಪಾಲು ತಗ್ಗಿಸಿತು. ಆದರೂ 'ನೂಕುಬಲ' ಉಳಿಯಿತು! ಬಲದ ಮೂಲ ಪೆಟ್ಟಿಗೆಯಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. ವಿದ್ಯುತ್ ಹರಿಯುವ ತಂತಿಗಳು ಭೂಮಿಯ ಕಾಂತ ಕ್ಷೇತ್ರದೊಡನೆ ವರ್ತಿಸುತ್ತಿದ್ದವು. ಎರಡು ಆಂಪಿಯರ್ ಹರಿಯುವ ಹತ್ತು ಸೆಂಟಿಮೀಟರ್ ತಂತಿಯ ಮೇಲೆ ಭೂಮಿಯ ಕ್ಷೇತ್ರ ಬೀರಬಹುದಾದ ಬಲ ಸುಮಾರು ಹತ್ತು ಮೈಕ್ರೊನ್ಯೂಟನ್. ಎಳ್ಳುಕಾಳುಗಳನ್ನು ಅಳೆಯುವಲ್ಲಿ ಇದು ಸಣ್ಣದಲ್ಲ. 2021ರಲ್ಲಿ ಅದೇ ತಂಡ, ಯಂತ್ರ ಬಿಸಿಯಾಗಿ ಹಿಗ್ಗುವುದರಿಂದ ತಕ್ಕಡಿ ವಾಲುವ ದೋಷವನ್ನೂ ನಿವಾರಿಸಿ ಅಳೆಯಿತು. ನೂಕುಬಲ ಇರಲಿಲ್ಲ. ಅಷ್ಟೇ ಸಾಮರ್ಥ್ಯದ ದೀಪವೊಂದು ನೀಡಬಹುದಾದ ನೂಕಿನಷ್ಟೂ ಇರಲಿಲ್ಲ.

ಹರಿಗೋಲನ್ನು ಸರಿಸಿದ್ದು ಒಳಗಿನವನ ಬಲವಲ್ಲ, ಕಾಣದ ನೀರು ಎಂಬ ಪಾಠ ಇಲ್ಲಿ ಮತ್ತೆ ನಿಜವಾಯಿತು.

ಶಕ್ತಿಯ ಲೆಕ್ಕ

ಪ್ರಯೋಗಾಲಯಕ್ಕೆ ಹೋಗದೆ ಕಾಗದದ ಮೇಲೆಯೇ ಮಾಡಬಹುದಾದ ಒಂದು ಪರೀಕ್ಷೆಯೂ ಉಂಟು. ಏನನ್ನೂ ಎಸೆಯದ ಯಂತ್ರವೊಂದು ಒಂದು ಕಿಲೊವ್ಯಾಟ್ ಬಳಸಿ ಎಡೆಬಿಡದೆ 1.2 ಮಿಲಿನ್ಯೂಟನ್ ಬಲ ನೀಡುತ್ತದೆಂದು ಇಟ್ಟುಕೊಳ್ಳೋಣ. ನೌಕೆಯ ಚಲನಶಕ್ತಿ ಹೆಚ್ಚುವ ದರವೆಂದರೆ ಬಲ ಮತ್ತು ವೇಗಗಳ ಗುಣಲಬ್ಧ. ವೇಗ ಹೆಚ್ಚಿದಂತೆ ಈ ದರವೂ ಹೆಚ್ಚುತ್ತದೆ. ಆದರೆ ಯಂತ್ರ ನುಂಗುವುದು ಅದೇ ಒಂದು ಕಿಲೊವ್ಯಾಟ್. ವೇಗ ಸೆಕೆಂಡಿಗೆ ಸುಮಾರು 830 ಕಿಲೊಮೀಟರ್ ದಾಟಿದೊಡನೆ ನೌಕೆ ತಾನು ಬಳಸಿದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಗಳಿಸತೊಡಗುತ್ತದೆ. ಇಂಥ ಯಂತ್ರವನ್ನು ಚಕ್ರಕ್ಕೆ ಕಟ್ಟಿ ತಿರುಗಿಸಿದರೆ ಎಂದೂ ಮುಗಿಯದ ವಿದ್ಯುತ್ ಪುಕ್ಕಟೆಯಾಗಿ ದೊರೆಯಬೇಕು. ಸಂವೇಗದ ನಿಯಮವನ್ನು ಮಾತ್ರ ತುಸು ಸಡಿಲಿಸುತ್ತೇವೆಂದು ಹೊರಟವರು ಶಕ್ತಿಯ ನಿಯಮವನ್ನೂ ಕಳೆದುಕೊಳ್ಳುತ್ತಾರೆ.

ಬೆಳಕಿನ ರಾಕೆಟ್ಟಿಗೆ ಈ ದೋಷವೇಕಿಲ್ಲ? ಅದರ ಸಾಮರ್ಥ್ಯವನ್ನು ಬಲದಿಂದ ಭಾಗಿಸಿದರೆ ದೊರೆಯುವ ವೇಗ ಬೆಳಕಿನ ವೇಗವೇ; ಅದನ್ನು ಯಾವ ನೌಕೆಯೂ ಮುಟ್ಟಲಾರದು. ಅಯಾನು ಯಂತ್ರ ಕಿಲೊವ್ಯಾಟಿಗೆ ಸುಮಾರು 40 ಮಿಲಿನ್ಯೂಟನ್ ನೀಡಿಯೂ ನಿರ್ದೋಷಿ. ಏಕೆಂದರೆ ಅದು ಎಸೆದ ಕ್ಸೆನಾನ್ ತನ್ನ ಪಾಲಿನ ಶಕ್ತಿಯನ್ನೂ ಸಂವೇಗವನ್ನೂ ಒಯ್ದು ಲೆಕ್ಕವನ್ನು ಸರಿದೂಗಿಸುತ್ತದೆ. ಹೀಗಾಗಿ ಒಂದು ಅಳತೆಗೋಲು ನಮ್ಮ ಕೈಗೆ ಬರುತ್ತದೆ. ಏನನ್ನೂ ಎಸೆಯದೆ, ಹೊರಗಿನ ಏನನ್ನೂ ತಳ್ಳದೆ, ಕಿಲೊವ್ಯಾಟಿಗೆ 0.0033 ಮಿಲಿನ್ಯೂಟನ್ನಿಗಿಂತ ಹೆಚ್ಚಿನ ಬಲ ನೀಡುತ್ತೇನೆನ್ನುವ ಯಾವುದೇ ಯಂತ್ರ ಪುಕ್ಕಟೆ ಶಕ್ತಿಯನ್ನೂ ಮಾರಲು ಬಂದಿದೆಯೆಂದು ತಿಳಿಯಬೇಕು.

ಗಾಡರ್ಡ್ ಉದಾಹರಣೆ

ಇಂಥ ಆಕ್ಷೇಪಗಳಿಗೆ ಸಾಮಾನ್ಯವಾಗಿ ಬರುವ ಮರುಮಾತು ಒಂದಿದೆ: ಪಂಡಿತರು ಹಿಂದೆಯೂ ತಪ್ಪಿಲ್ಲವೇ? 1920ರ ಜನವರಿ 13ರಂದು ನ್ಯೂಯಾರ್ಕ್ ಟೈಮ್ಸ್ ತನ್ನ ಸಂಪಾದಕೀಯದಲ್ಲಿ, ನಿರ್ವಾತದಲ್ಲಿ ತಳ್ಳಲು ಏನೂ ಇಲ್ಲದೆ ರಾಕೆಟ್ ಚಲಿಸದೆಂದು ರಾಬರ್ಟ್ ಗಾಡರ್ಡ್‌ನನ್ನು ಗೇಲಿ ಮಾಡಿತ್ತು. 1969ರ ಜುಲೈ 17ರಂದು, ಅಪೊಲೊ 11 ಚಂದ್ರನತ್ತ ಸಾಗುತ್ತಿದ್ದಾಗ, ಅದೇ ಪತ್ರಿಕೆ ತಿದ್ದುಪಡಿ ಪ್ರಕಟಿಸಿತು.

ಈ ಉದಾಹರಣೆಯನ್ನು ಸರಿಯಾಗಿ ಓದಬೇಕು. ಅಂದು ನಿಯಮವನ್ನು ಮರೆತದ್ದು ಪತ್ರಿಕೆ. ನಿಯಮದ ಪಕ್ಷದಲ್ಲಿ ನಿಂತದ್ದು ಗಾಡರ್ಡ್. ರಾಕೆಟ್ ತಾನು ಎಸೆದ ಹೊಗೆಯಿಂದಲೇ ಮುಂದೆ ಸಾಗುತ್ತದೆ, ಗಾಳಿ ಬೇಕಿಲ್ಲ ಎಂದು ನ್ಯೂಟನ್ನನ ನಿಯಮವೇ ಹೇಳುತ್ತಿತ್ತು. ಗಾಡರ್ಡ್ ಸುತ್ತಲಿನವರ ಅಭಿಪ್ರಾಯವನ್ನು ಎದುರಿಸಿದನೇ ಹೊರತು ಸಂವೇಗದ ಲೆಕ್ಕವನ್ನಲ್ಲ. ಒಂಟಿಯಾಗಿ ನಿಲ್ಲುವುದು ಧೈರ್ಯದ ಗುರುತಾಗಬಹುದು. ಸತ್ಯದ ಗುರುತಾಗಲು ಅದೊಂದೇ ಸಾಲದು.

ಹಾಗೆಂದು ಎಂಡ್ರೈವನ್ನು ಪರೀಕ್ಷಿಸಿದವರ ಶ್ರಮ ವ್ಯರ್ಥವೆನ್ನಲಾಗದು. ಅತ್ಯಲ್ಪ ಬಲಗಳನ್ನು ಅಳೆಯುವ ವಿದ್ಯೆ ಅದರಿಂದ ಹರಿತವಾಯಿತು. ಪಯೊನಿಯರ್ ಒಗಟನ್ನು ಬಿಡಿಸಿದವರದೂ ಇದೇ ತಾಳ್ಮೆ. ಅಲ್ಲಿ ನಿಜವಾದ ಅಲ್ಪಬಲ ಸಿಕ್ಕಿತು, ಇಲ್ಲಿ ಸಿಗಲಿಲ್ಲ. ವಿಧಾನ ಎರಡರಲ್ಲಿಯೂ ಒಂದೇ.

ತೆರೆದಿರುವ ದಾರಿ

ನಿಯಮದ ಎಲ್ಲೆಯೊಳಗೂ ದೂರದ ಕನಸಿಗೆ ಜಾಗವಿದೆ. 2016ರಲ್ಲಿ ಪ್ರಕಟವಾದ ಬ್ರೇಕ್‌ಥ್ರೂ ಸ್ಟಾರ್‌ಶಾಟ್ ಎಂಬ ಯೋಜನೆಯ ಕಲ್ಪನೆ ಇದು: ಕೆಲವೇ ಗ್ರಾಂ ತೂಕದ ಹಾಯಿನೌಕೆಯನ್ನು ಭೂಮಿಯ ಮೇಲಿನ ಲೇಸರ್ ಸಮೂಹದಿಂದ ನೂಕಿ, ಬೆಳಕಿನ ವೇಗದ ಐದನೆಯ ಒಂದು ಭಾಗಕ್ಕೆ ಏರಿಸಿ, ಸಮೀಪದ ಆಲ್ಫಾ ಸೆಂಟಾರಿಯತ್ತ ಕಳುಹಿಸುವುದು. ಬೇಕಾಗುವ ಲೇಸರ್ ಸಾಮರ್ಥ್ಯ ನೂರು ಗಿಗಾವ್ಯಾಟಿನ ಆಸುಪಾಸು. ಅಷ್ಟು ಬೆಳಕನ್ನು ತಾಳುವ ಹಾಯಿ ಇನ್ನೂ ಆಗಬೇಕಷ್ಟೆ. ತೊಡಕುಗಳು ಬೆಟ್ಟದಷ್ಟಿವೆ. ಆದರೆ ಅವು ಎಂಜಿನಿಯರರ ತೊಡಕುಗಳು, ನಿಸರ್ಗದ ನಿಷೇಧಗಳಲ್ಲ. ಹಿಂದಕ್ಕೆ ಹೋಗುವುದು ಯಾವುದು ಎಂದು ಕೇಳಿದರೆ ಈ ಯೋಜನೆ ಉತ್ತರ ಕೊಡಬಲ್ಲದು: ಹಾಯಿಯಿಂದ ಮರಳುವ ಬೆಳಕು, ಮತ್ತು ಲೇಸರನ್ನು ಹೊತ್ತ ಭೂಮಿ.

ಕೆಲವು ವರ್ಷಗಳಿಗೊಮ್ಮೆ ಇಂಧನವಿಲ್ಲದ ಹೊಸ ಯಂತ್ರದ ಸುದ್ದಿ ಹೊರಬರುತ್ತದೆ, ಮುಂದೆಯೂ ಬರುತ್ತದೆ. ಅದನ್ನು ಕೂಡಲೇ ನಂಬಬೇಕಿಲ್ಲ, ನಗಬೇಕಾಗಿಯೂ ಇಲ್ಲ. ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಹಿಂದಕ್ಕೆ ಹೋದದ್ದು ಯಾವುದು? ಕಿಲೊವ್ಯಾಟಿಗೆ ದೊರೆತ ಬಲ ಬೆಳಕಿನ ಮಿತಿಯ ಒಳಗಿದೆಯೇ? ಯಂತ್ರವನ್ನು ನಿಷ್ಕ್ರಿಯಗೊಳಿಸಿದಾಗ ಅಳತೆಯ ಮುಳ್ಳು ಸೊನ್ನೆಗೆ ಮರಳುತ್ತದೆಯೇ? ಈ ಮೂರನ್ನೂ ದಾಟಿದ ಸಾಧನ ಎಷ್ಟೇ ಚಿಕ್ಕದಾಗಿರಲಿ, ಎರಡು ಹಾಳೆ ಕಾಗದದಷ್ಟೇ ನೂಕಲಿ, ಅದು ಸಿರಿಸ್‌ವರೆಗೆ ಹೋಗಬಲ್ಲದು.